ಅಜ್ಜಿಗೆ ರವಿಕೆ ಇರಲಿಲ್ಲ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬರ್ಲಿನ್ನಿನ ಈಜುಕೊಳದ ಬಳಿ ಈಜುಡುಗೆಯಲ್ಲಿ ತೆಗೆಸಿಕೊಂಡು ಮನೆಯ ವಾಟ್ಸಾಪ್ ಗುಂಪಿಗೆ ನೀನು ಹಾಕಿದ ಆ ಫೋಟೋ ನೋಡಿ ಮನೆಯಲ್ಲಿ ಯಾರು ಏನೆಂದರು ಎಂಬುದು ನಿನಗೂ ತಿಳಿದಿದೆ, ನನಗೂ ತಿಳಿದಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ಪತ್ರದ ಕೊನೆಯಲ್ಲಿ ನೀನು ಹೇಳಿಯೂ ಹೇಳದಂತೆ ಸೇರಿಸಿದ ಒಂದು ಸಾಲು ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ: "ನನ್ನ ಮೈಯೇ ಒಂದು ತಪ್ಪೇನೋ ಎಂಬ ಹೆದರಿಕೆ ಹುಟ್ಟಿದೆ, ದೊಡ್ಡಮ್ಮ."

ಬರ್ಲಿನ್ನಿನ ಈಜುಕೊಳಗಳಲ್ಲಿ ಗಂಡಸರಂತೆ ಹೆಂಗಸರೂ ಎದೆ ಮುಚ್ಚದೆ ಈಜಬಹುದೆಂದು 2023ರ ಮಾರ್ಚಿನಲ್ಲಿ, ಒಬ್ಬ ಹೆಂಗಸು ದೂರು ಕೊಟ್ಟ ಮೇಲೆ, ಅಲ್ಲಿನ ಆಡಳಿತ ಒಪ್ಪಿತಷ್ಟೆ. ಅಂಥ ಊರಿನಲ್ಲಿ ಮೈತುಂಬ ಈಜುಡುಗೆ ತೊಟ್ಟೂ ಟವೆಲ್ ಸುತ್ತಿಕೊಂಡು ಕುಳಿತೆಯಲ್ಲ, ಆ ಹೆದರಿಕೆ ನಮ್ಮ ಜಗಲಿಯಿಂದಲೇ ನಿನ್ನ ಜೊತೆ ವಿಮಾನ ಹತ್ತಿರಬೇಕು.

ಆ ಜಗಲಿಯಲ್ಲಿ ಅಪ್ಪಯ್ಯ ಹೆಗಲಿಗೊಂದು ಬೈರಾಸು ಹಾಕಿಕೊಂಡು, ಬರಿಮೈಯಲ್ಲೇ ಬಂದವರನ್ನೆಲ್ಲ ಮಾತನಾಡಿಸುತ್ತಿದ್ದರು. ಅಜ್ಜಿಗೂ ರವಿಕೆ ಇರಲಿಲ್ಲ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಅವರ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ರವಿಕೆ ತೊಡಬಾರದೆಂದು ವಿಧಿಸಿದ್ದು ಇದೇ ಮನೆ. ಆರನೆಯ ತರಗತಿಯಲ್ಲಿ ನನಗೆ ಬಹುಮಾನ ಬಂದ ದಿನ, ಸೆರಗನ್ನು ಬಿಗಿಯಾಗಿ ಹೊದ್ದು ಶಾಲೆಗೆ ಹೊರಟಿದ್ದ ಅವರಿಗೆ, "ನೀವು ಬರಬೇಡಿ, ಎಲ್ಲರೂ ನೋಡುತ್ತಾರೆ" ಎಂದುಬಿಟ್ಟೆ. ಅಜ್ಜಿ ಏನೂ ಹೇಳದೆ ಒಳಗೆ ಹೋದರು. ಮತ್ತೆಂದೂ ಶಾಲೆಯ ಕಡೆ ಸುಳಿಯಲಿಲ್ಲ. ಬರಿಮೈಯ ಮೇಲೊಂದು ಶಾಲು ಇಳಿಬಿಟ್ಟು ಬಂದ ಅಪ್ಪಯ್ಯ ಮುಂದಿನ ಸಾಲಿನಲ್ಲಿ ಕುಳಿತರು. ಅವರ ಹೊಟ್ಟೆಯನ್ನು ಯಾರಾದರೂ ನೋಡಿದರೇ ಎಂಬ ಯೋಚನೆಯೂ ನನಗೆ ಅಂದು ಬರಲಿಲ್ಲ.

ನಿನ್ನ ಸಾಲನ್ನು ಓದಿದಾಗ ಕೇಳಿಸಿದ್ದು ಅಜ್ಜಿಯ ಆ ಮೌನ. ಇಂದಿನ ಕೇರಳದ ದಕ್ಷಿಣಕ್ಕಿದ್ದ ತಿರುವಿತಾಂಕೂರು ಸಂಸ್ಥಾನದಲ್ಲಿ, ಕೆಳಜಾತಿಯವರೆಂದು ಎಣಿಸಿದ್ದ ನಾಡಾರ್ ಹೆಂಗಸರು ಎದೆ ಮುಚ್ಚಿಕೊಂಡದ್ದೇ ಅಪರಾಧವಾಗಿತ್ತು. ದಶಕಗಳ ಹೋರಾಟದ ನಂತರ 1859ರ ಜುಲೈ 26ರಂದು ಮುಚ್ಚಿಕೊಳ್ಳಬಹುದೆಂದು ರಾಜಾಜ್ಞೆ ಹೊರಟಾಗಲೂ, ಮೇಲ್ಜಾತಿಯ ಹೆಂಗಸರಂತೆ ಹೊದೆಯಬಾರದೆಂಬ ಷರತ್ತು ಉಳಿಯಿತು. ಇಂದಿನ ಕೇರಳದಲ್ಲಿ ಮುಚ್ಚದಿದ್ದುದಕ್ಕೇ ಮೊಕದ್ದಮೆ ನಡೆಯಿತು. ಮಕ್ಕಳು ತನ್ನ ಬರಿಮೈಯ ಮೇಲೆ ಚಿತ್ರ ಬಿಡಿಸುವ ವಿಡಿಯೋ ಹಾಕಿದ ತಾಯಿಯೊಬ್ಬಳ ಆ ಮೊಕದ್ದಮೆಯಲ್ಲಿ, ಗಂಡಸರ ಬರಿಮೈಗೊಂದು ಲೆಕ್ಕ, ಹೆಂಗಸರದಕ್ಕೊಂದು ಲೆಕ್ಕ ಏಕೆಂಬ ಅರ್ಥದ ಮಾತನ್ನು 2023ರಲ್ಲಿ ಕೇರಳ ಹೈಕೋರ್ಟು ಆಡಬೇಕಾಯಿತು. ಮುಚ್ಚಿದರೂ ತಪ್ಪು, ಮುಚ್ಚದಿದ್ದರೂ ತಪ್ಪು ಎಂದಾಗ ಆ ತಪ್ಪು ಮೈಯದು ಹೇಗಾದೀತು, ಪುಟ್ಟಿ? ಕುಕ್ಕೆಯಲ್ಲಿ ಅಂಗಿ ತೆಗೆದು ಸಾಲಿನಲ್ಲಿ ನಿಂತ ನಿನ್ನ ಅಣ್ಣನ ಚಿತ್ರಕ್ಕೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೈಮುಗಿದಿದ್ದರು. ನಾನೂ ಮುಗಿದಿದ್ದೆ.

ಹಿತವಚನವೆಂದು ಬರೆಯಲು ಕುಳಿತು ನನ್ನ ಕಥೆಯನ್ನೇ ಹೇಳಿದೆ. ಅಲ್ಲಿಯವರಂತೆ ನೀನೂ ಈಜು ಎನ್ನುವ ಧೈರ್ಯ ನನಗಿಲ್ಲ. ಇನ್ನು ಮುಂದೆ ಫೋಟೋ ಗುಂಪಿಗೆ ಹಾಕಬೇಡ ಎನ್ನೋಣವೆಂದರೆ, ಅಜ್ಜಿಗೆ ಹೇಳಿದ್ದನ್ನೇ ನಿನಗೂ ಹೇಳಿದಂತಾಗುತ್ತದೆ. ಟವೆಲ್ಲನ್ನು ಬೆಂಚಿನ ಮೇಲೆ ಬಿಟ್ಟು ನೀರಿಗಿಳಿ. ಸದ್ಯಕ್ಕೆ ಅಷ್ಟಾದರೆ ಸಾಕೇನೋ. ಚಳಿಯಾದರೆ ಹೊದ್ದುಕೋ.

ಇಷ್ಟು ಬರೆಯುವಷ್ಟರಲ್ಲಿ ಅಂಚೆಯವನು ಬಂದ. ಎದ್ದವಳು ಮೊದಲು ಸೆರಗನ್ನೇ ಎಳೆದುಕೊಂಡೆ. ನನಗೀಗ 74.

ಇಂತಿ,
ನಿನ್ನ ದೊಡ್ಡಮ್ಮ