ಎತ್ತರದ ಪೋಸ್ಟ್‌ಗೆ ಹುರಿಹಿಟ್ಟು ಕಳಿಸಿ

ಮಾನ್ಯ ಸಂಪಾದಕರೇ,

ನಾನು ತುಮಕೂರು ಜಿಲ್ಲೆಯವನು. ಸೇನೆಯಲ್ಲಿ ಅಡುಗೆಯವನಾಗಿದ್ದೆ. ಲಂಗರ್‌ನಲ್ಲೇ ಸರ್ವಿಸ್ ಮುಗಿಸಿ, ಹವಾಲ್ದಾರ್ ಆಗಿ ಊರಿಗೆ ಬಂದೆ. ಅಡುಗೆಮನೆಗೆ ನಮ್ಮಲ್ಲಿ ಲಂಗರ್ ಅಂತಲೇ ಹೆಸರು.

ಮಿಲಿಟರಿ ಊಟದ ಮಾತು ಬಂದರೆ ಊರಿನವರು ಎರಡೇ ವಿಷಯ ಹೇಳುತ್ತಾರೆ. ಒಂದು, ಅಲ್ಲಿ ಎಲ್ಲಾ ಫ್ರೀ, ದಿನಾ ಮಟನ್ನು, ಬಾದಾಮಿ. ಇನ್ನೊಂದು, 2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ಜವಾನನೊಬ್ಬ ಹಾಕಿದ ವಿಡಿಯೊ. ಸುಟ್ಟ ರೊಟ್ಟಿ, ನೀರಿನಂಥ ದಾಲ್. ಪೀಸ್ ಸ್ಟೇಷನ್‌ನಲ್ಲಿ, ಅಂದರೆ ಗಡಿಯಿಂದ ದೂರದ ಶಾಂತ ಜಾಗದಲ್ಲಿ, ಊಟ ನಿಜವಾಗಿಯೂ ಚೆನ್ನಾಗಿರುತ್ತದೆ, ಎಲ್ಲರೂ ಒಟ್ಟಿಗೆ ಉಣ್ಣುವ ಬಡಾ ಖಾನಾ ದಿನವಂತೂ ಮದುವೆ ಮನೆಯೇ. ನಾನು ಬರೆಯುತ್ತಿರುವುದು ಅದರ ಬಗ್ಗೆ ಅಲ್ಲ. ಲಡಾಖ್‌ನ ಎತ್ತರದ ಪೋಸ್ಟ್‌ಗಳ, ಅಂದರೆ ಹಿಮದ ನಡುವಿನ ಕಾವಲು ಠಾಣೆಗಳ ಬಗ್ಗೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮಪಾತವಾಗಿ, ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಜೀವ ಹಿಡಿದುಕೊಂಡಿದ್ದರಲ್ಲ, ಆಗ ನಮ್ಮೂರಿನ ಅಂಗಡಿ ಮುಂದೆ ಒಬ್ಬರು ನನ್ನನ್ನು ಕೇಳಿದರು, ಅಷ್ಟು ಮೇಲೆ ಅವರು ಏನು ತಿನ್ನುತ್ತಾರಪ್ಪ ಅಂತ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಹದಿನೆಂಟು ಸಾವಿರ ಅಡಿ ಎತ್ತರದಲ್ಲಿ ನೀರು 82 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿಯುವುದು ಕಣ್ಣಿಗೆ ಕಾಣುತ್ತದೆ, ಆದರೆ ಬೇಳೆ ಬೇಯುವುದಿಲ್ಲ. ಕುಕ್ಕರ್ ಇಲ್ಲದಿದ್ದರೆ ಸೀಮೆಎಣ್ಣೆ ಮುಗಿಯುತ್ತದೆ, ಬೇಳೆ ಹಾಗೇ ಕೂತಿರುತ್ತದೆ. ನೀರು ಅಂದರೂ ಅಲ್ಲಿ ಹಿಮವೇ. ಡೇಗ್ಚಿ ಅನ್ನುವ ಪಾತ್ರೆ ತುಂಬ ಹಿಮ ತುಂಬಿ ಕರಗಿಸಿದರೆ ತಳದಲ್ಲಿ ಒಂದಿಷ್ಟು ನೀರು ಉಳಿಯುತ್ತದೆ, ಅದನ್ನು ಕರಗಿಸಿದ ಸೀಮೆಎಣ್ಣೆ ಹೆಲಿಕಾಪ್ಟರ್‌ನಲ್ಲೋ ಹೇಸರಗತ್ತೆ ಮೇಲೋ ಪೋರ್ಟರ್ ಬೆನ್ನ ಮೇಲೋ ಬಂದದ್ದು. ಮೊಟ್ಟೆ ಕಲ್ಲಾಗುತ್ತದೆ. ಕಿತ್ತಳೆ ಹಣ್ಣು ಗೋಡೆಗೆ ಹೊಡೆದರೂ ಒಡೆಯುವುದಿಲ್ಲ.

ಇದೆಲ್ಲವನ್ನೂ ಹೇಗೋ ನಿಭಾಯಿಸಬಹುದು. ನಿಭಾಯಿಸಲಾಗದ್ದು ಒಂದೇ, ಅಲ್ಲಿ ಹಸಿವೇ ಸತ್ತುಹೋಗುತ್ತದೆ. ಉಸಿರಾಡಲು ಗಾಳಿ ಸಾಲದೆ ಇದ್ದಾಗ ನಾಲಿಗೆಗೆ ಏನೂ ಬೇಡ ಅನ್ನಿಸುತ್ತದೆ. ಮೈಗೆ ಬೇಕಾಗುವುದು ಮಾತ್ರ ಕೆಳಗಿಗಿಂತ ಜಾಸ್ತಿ. ಹುಡುಗ ಪಹರೆ ಮುಗಿಸಿ ಬರುತ್ತಾನೆ, ತಟ್ಟೆ ನೋಡುತ್ತಾನೆ, ಎರಡು ತುತ್ತು ತಿಂದು ‘ಬಸ್ ಉಸ್ತಾದ್’ ಅಂದು ಸ್ಲೀಪಿಂಗ್ ಬ್ಯಾಗ್‌ಗೆ ಸೇರಿಕೊಳ್ಳುತ್ತಾನೆ. ತುಪ್ಪದ ವಾಸನೆ ಬಂದರೆ ವಾಂತಿ ಮಾಡುವವರನ್ನು ನೋಡಿದ್ದೇನೆ. ಟಿನ್ ಮಾಂಸ ತೆರೆದರೆ ಮುಖ ತಿರುಗಿಸುತ್ತಾರೆ. ಅಡುಗೆಯವನಿಗೆ ಇದಕ್ಕಿಂತ ದೊಡ್ಡ ಸಂಕಟ ಇಲ್ಲ. ಉಳಿದ ಊಟ ಚೆಲ್ಲುವಾಗ ನನಗೆ ಅಳು ಬಂದದ್ದಿದೆ.

ಒಂದು ಚಳಿಗಾಲ ನನ್ನ ತಾಯಿ ಕಳಿಸಿದ ಪಾರ್ಸೆಲ್ ತಡವಾಗಿ ಕೈಗೆ ಸಿಕ್ಕಿತು. ಒಳಗೆ ರಾಗಿ ಹುರಿಹಿಟ್ಟು. ಕೆಟ್ಟಿರಲಿಲ್ಲ. ಉಗುರುಬೆಚ್ಚಗಿನ ನೀರಿಗೆ ಹಾಲಿನ ಪುಡಿ, ಬೆಲ್ಲ ಹಾಕಿ, ಹುರಿಹಿಟ್ಟು ಕಲಸಿ ಲೋಟದಲ್ಲಿ ಕೊಟ್ಟೆ. ಕುಡಿದರು! ಬಿಹಾರದ ಹುಡುಗ ಇದು ನಮ್ಮ ‘ಸತ್ತು’ (ಹುರಿದ ಕಡಲೆಯ ಹಿಟ್ಟು) ಥರಾನೇ ಇದೆ ಅಂದ. ಲಡಾಖಿ ಪೋರ್ಟರ್ ನಕ್ಕ. ಅವರ ಮನೆಯಲ್ಲಿ ಹುರಿದ ಬಾರ್ಲಿ ಹಿಟ್ಟನ್ನು ಟೀಯಲ್ಲಿ ಕಲಸಿ ತಿನ್ನುವುದು ತಲೆತಲಾಂತರದ ರೂಢಿ. ನನಗೆ ಆಗ ವಿಷಯ ಹೊಳೆಯಿತು. ನೀರು ಸರಿಯಾಗಿ ಕಾಯದ ಊರಿನಲ್ಲಿ ಬದುಕಿದವರು ಮೊದಲೇ ಹುರಿದಿಟ್ಟುಕೊಂಡರು. ಹುರಿದದ್ದನ್ನು ಮತ್ತೆ ಬೇಯಿಸಬೇಕಾಗಿಲ್ಲ, ಅಲ್ವಾ?

ಈಗ ಈ ಪತ್ರ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ. 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿಯಲ್ಲಿ ಎತ್ತರದ ಪ್ರದೇಶದ ವಿಶೇಷ ರೇಷನ್ ಬಗ್ಗೆ ಒಂದು ಮಾತಿತ್ತು. ಒಂದು ವಸ್ತು ಸಿಗದಿದ್ದರೆ ಅದರ ಬದಲಿಗೆ ಅಷ್ಟೇ ಬೆಲೆಯ ಬೇರೆ ವಸ್ತು ಕೊಡುತ್ತಿದ್ದರು. ಹೀಗೆ ಮಾಡಿದ್ದರಿಂದ ಜವಾನರಿಗೆ ಸಿಗಬೇಕಾದ ಕ್ಯಾಲೋರಿ ಕೆಲವು ಕಡೆ ಶೇಕಡ 82ರಷ್ಟು ಕಡಿಮೆಯಾಗಿತ್ತು ಅಂತ ವರದಿ ಹೇಳಿತು. ಅದು ಹಳೆಯ ಲೆಕ್ಕ, ಈಗ ಪರಿಸ್ಥಿತಿ ಸುಧಾರಿಸಿದೆ ಅಂತ ಆಗಿನ ಸೇನಾ ಮುಖ್ಯಸ್ಥರು ಹೇಳಿದರು. ಸುಧಾರಿಸಿದ್ದರೆ ನನಗಿಂತ ಸಂತೋಷಪಡುವವರು ಇಲ್ಲ. ಆದರೆ ಬೆಲೆಗೆ ಬೆಲೆ ಅನ್ನುವ ಆ ಲೆಕ್ಕವೇ ತಪ್ಪು, ಅದನ್ನು ನಾನು ನನ್ನ ಕಾಲದಲ್ಲೂ ಕಂಡಿದ್ದೇನೆ. ದುಬಾರಿ ವಸ್ತು ಒಂದು ಮುಷ್ಟಿ ಬಂದರೆ ಕಾಗದದಲ್ಲಿ ಹಣ ಸರಿಹೋಗುತ್ತದೆ, ಆದರೆ ಮೈನಸ್ ಮೂವತ್ತರಲ್ಲಿ ರಾತ್ರಿಯಿಡೀ ನಿಂತವನ ಹೊಟ್ಟೆಗೆ ಆ ಮುಷ್ಟಿ ಸಾಲುವುದಿಲ್ಲ. ಬದಲಿ ಕೊಡುವುದಾದರೆ ಕ್ಯಾಲೋರಿಗೆ ಕ್ಯಾಲೋರಿ ಕೊಡಬೇಕು, ಅದೂ ಅವನು ತಿನ್ನಲು ಒಪ್ಪುವ ರೂಪದಲ್ಲಿ ಕೊಡಬೇಕು.

ಇದಕ್ಕೆ ದಾರಿ ಹುಡುಕಲು ದೂರ ಹೋಗಬೇಕಾಗಿಲ್ಲ. ಮೈಸೂರಿನಲ್ಲಿ 1961ರಿಂದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಇದೆ. ಪಲಾವ್, ಹಲ್ವಾ, ಆಲೂ ಛೋಲೆ ಎಲ್ಲವನ್ನೂ ಪದರದ ಪೌಚ್‌ನಲ್ಲಿ ಸೀಲ್ ಮಾಡಿ, ಒತ್ತಡದ ಹಬೆಯಲ್ಲಿ 121 ಡಿಗ್ರಿ ಸುಮಾರಿಗೆ ಬೇಯಿಸಿ, ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡದ ಹಾಗೆ ಮಾಡುವ ವಿದ್ಯೆಯಲ್ಲಿ ಅವರು ಪಳಗಿದವರು. ಅಂಗಡಿಯಲ್ಲಿ ಸಿಗುವ ರೆಡಿ ಟು ಈಟ್ ಪ್ಯಾಕೆಟ್‌ಗಳ ಹಿಂದೆಯೂ ಅವರ ಕೆಲಸ ಇದೆ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಬುತ್ತಿ ಹೋದದ್ದು ಮೈಸೂರಿನಿಂದ. ಅದೇ ತಿಂಗಳ 13ಕ್ಕೆ ನಮ್ಮವರು ಸಿಯಾಚಿನ್ ಏರಿದರು. ಅಂದಿನಿಂದ ಇಂದಿನವರೆಗೆ ಆ ಹಿಮದ ಮೇಲೆ ದಿನವೂ ಯಾರಿಗೋ ಊಟ ಬಡಿಸಬೇಕಾಗಿದೆ.

2023ರ ಮಾರ್ಚ್‌ನಲ್ಲಿ ಸೇನೆ ಐವತ್ತು ವರ್ಷಗಳ ನಂತರ ಸಿರಿಧಾನ್ಯದ ಹಿಟ್ಟನ್ನು ಮತ್ತೆ ರೇಷನ್‌ಗೆ ಸೇರಿಸಿತು. ಸಜ್ಜೆ, ಜೋಳ, ರಾಗಿ. ಅಕ್ಕಿ ಮತ್ತು ಗೋಧಿ ಹಿಟ್ಟಿನ ಪಾಲಿನಲ್ಲಿ ಶೇಕಡ 25ರವರೆಗೆ ಇದನ್ನು ತೆಗೆದುಕೊಳ್ಳಬಹುದು. ಓದಿ ನನಗೆ ಬಹಳ ಖುಷಿಯಾಯಿತು. ಜೊತೆಗೆ ಒಂದು ಚಿಂತೆಯೂ ಆಯಿತು. ಬರೀ ಹಿಟ್ಟಿನ ಮೂಟೆ ಕಳಿಸಿದರೆ ಕೆಳಗಿನ ಲಂಗರ್‌ಗೆ ಅನುಕೂಲ, ಮೇಲಿನ ಪೋಸ್ಟ್‌ಗೆ ಅಲ್ಲ. ಮುದ್ದೆಗೆ ಹಿಟ್ಟು ಚೆನ್ನಾಗಿ ಬೇಯಬೇಕು. ಜೋಳದ ರೊಟ್ಟಿಗೆ ಕುದಿನೀರು ಬೇಕು, ಬಡಿಯುವ ಕೈ ಬೇಕು. ಉತ್ತರಾಖಂಡದ ಗರ್‌ವಾಲ್‌ನ ಹುಡುಗನಿಗೆ ಇದನ್ನೆಲ್ಲ ಯಾರು ಕಲಿಸಿರುತ್ತಾರೆ? ಮೇಲೆ ನಾಲ್ಕೈದು ಜನ ಇರುವ ಕಡೆ ಸರದಿಯಲ್ಲಿ ಅವರವರೇ ಒಲೆ ಹಚ್ಚಿಕೊಳ್ಳುತ್ತಾರೆ. ಅಲ್ಲಿಗೆ ಸುಮ್ನೆ ಹಿಟ್ಟು ಕಳಿಸಿದರೆ ಅದು ಮೂಲೆಯಲ್ಲಿ ಹೆಪ್ಪುಗಟ್ಟುತ್ತದೆ ಅಷ್ಟೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಎತ್ತರದ ಪೋಸ್ಟ್‌ಗೆ ರಾಗಿ ಹೋಗುವುದಾದರೆ ಹುರಿಹಿಟ್ಟಾಗಿ ಹೋಗಲಿ. ಹುರಿಹಿಟ್ಟೊಂದೇ ಸಾಲದು, ಅದಕ್ಕೆ ಬೆಲ್ಲದ ಪುಡಿ, ಹಾಲಿನ ಪುಡಿ, ಹುರಿದ ಕಡ್ಲೆಬೀಜದ ಪುಡಿ ಸೇರಬೇಕು, ಒಬ್ಬನಿಗೆ ಒಂದು ಹೊತ್ತಿಗೆ ಆಗುವಷ್ಟು ಒಂದೊಂದೇ ಪೌಚ್‌ನಲ್ಲಿ ಇರಬೇಕು. ಕೈಗವಸು ತೆಗೆಯದೆ ಹರಿಯುವ ಹಾಗಿರಬೇಕು, ಇದನ್ನು ದಯವಿಟ್ಟು ಮರೆಯಬೇಡಿ, ಬರಿಗೈಯಲ್ಲಿ ಟಿನ್ ತೆರೆಯಲು ಹೋಗಿ ಬೆರಳು ಮರಗಟ್ಟಿಸಿಕೊಂಡವರಿದ್ದಾರೆ. ಸಿಹಿಯ ಜೊತೆಗೆ ಒಂದು ಖಾರದ ಬಗೆಯೂ ಬೇಕು, ಜೀರಿಗೆ, ಮೆಣಸು, ಒಣ ಮಜ್ಜಿಗೆ ಪುಡಿ ಹಾಕಿದ್ದು. ಮೇಲೆ ನಾಲಿಗೆ ಬೇಡುವುದು ಹುಳಿ ಖಾರವನ್ನೇ. ಮತ್ತೆ, ಯಾವುದನ್ನೇ ಆಗಲಿ ರೇಷನ್‌ಗೆ ಸೇರಿಸುವ ಮೊದಲು ಎರಡು ತಿಂಗಳು ಮೇಲಿದ್ದು ಇಳಿದ ಹುಡುಗರನ್ನೂ ಅವರಿಗೆ ಬಡಿಸಿದ ಅಡುಗೆಯವರನ್ನೂ ಕರೆದು ಕೇಳಿ. ಯಾವ ಪ್ಯಾಕೆಟ್ ಖಾಲಿಯಾಯಿತು, ಯಾವುದು ಹಾಗೇ ಬಿದ್ದಿತ್ತು ಅಂತ ಅವರಿಗೆ ಗೊತ್ತಿರುತ್ತದೆ.

ನನ್ನ ತಾಯಿ ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ ರಾತ್ರಿ ಮುಚ್ಚಿಡುತ್ತಿದ್ದರು, ಬೆಳಗ್ಗೆ ಕಾದ ಮರಳಿನಲ್ಲಿ ಹುರಿದು ಅರಳಿಸಿ, ಜರಡಿ ಹಿಡಿದು ಬೀಸುತ್ತಿದ್ದರು. ಅಳತೆ ನನಗೆ ಬಾಯಿಪಾಠ ಇದೆ. ಮೈಸೂರಿನವರು ಕರೆದರೆ ಬಂದು ಮಾಡಿ ತೋರಿಸುತ್ತೇನೆ, ಬಸ್ ಚಾರ್ಜ್ ಕೂಡ ಬೇಡ.

ಇಂತಿ,
ಒಬ್ಬ ನಿವೃತ್ತ ಹವಾಲ್ದಾರ್, ತುಮಕೂರು ಜಿಲ್ಲೆ