ಕಾಟಿ ಮಾಂಸದ ರಫ್ತು ಆಗದ ಮಾತು

ಮಾನ್ಯರೇ,

ಮಲೆನಾಡಿನ ತೋಟ, ಗದ್ದೆಗಳಿಗೆ ಕಾಟಿ (ಕಾಡುಕೋಣ) ನುಗ್ಗಿದ ಸುದ್ದಿ ಬಂದಾಗಲೆಲ್ಲ ಒಂದು ಸಲಹೆಯೂ ಹಿಂದೆಯೇ ಬರುತ್ತದೆ: ಅಮೆರಿಕದವರು ತಮ್ಮ ಕಾಡುದನ ಬೈಸನ್‌ನ ಮಾಂಸ ಮಾರುವುದಿಲ್ಲವೇ, ನಾವೂ ಹೆಚ್ಚಾದ ಕಾಟಿಗಳನ್ನು ಹೊಡೆದು ರಫ್ತು ಮಾಡಿದರೇನು? ಬೆಳೆಗಾರರ ಸಿಟ್ಟು ನ್ಯಾಯವಾದದ್ದೇ, ಲೆಕ್ಕ ಮಾತ್ರ ಬುಡದಲ್ಲೇ ತಪ್ಪಿದೆ.

ಅಲ್ಲಿ ಅಂಗಡಿಗೆ ಬರುವುದು ಬೇಟೆಯ ಮಾಂಸವಲ್ಲ. 2017ರ ಕೃಷಿ ಗಣತಿಯಲ್ಲಿ ಅಮೆರಿಕದ ಫಾರ್ಮ್‌ಗಳಲ್ಲಿ ಸುಮಾರು 1.8 ಲಕ್ಷ ಬೈಸನ್‌ಗಳಿದ್ದವು, ಎಲ್ಲವೂ ಬೇಲಿಯೊಳಗೆ ಸಾಕಿದವು. ದನದ ಮಾಂಸದಂತೆ ಬೈಸನ್ ಮಾಂಸಕ್ಕೆ ಕಡ್ಡಾಯ ತಪಾಸಣೆ ಇಲ್ಲ. ಕೃಷಿ ಇಲಾಖೆಯ ಮುದ್ರೆ ಬೇಕೆಂದರೆ ಕಸಾಯಿಖಾನೆಯವರೇ ಗಂಟೆ ಲೆಕ್ಕದಲ್ಲಿ ಶುಲ್ಕ ಕಟ್ಟಿ ತಪಾಸಕರನ್ನು ಕರೆಸಬೇಕು. ಹೀಗೆ ಸಾಕಿದ ಬೈಸನ್‌ಗಳ ವ್ಯಾಪಾರಕ್ಕೂ 2003ರ ಮೇ ತಿಂಗಳಲ್ಲಿ ದೊಡ್ಡ ಪೆಟ್ಟು ಬಿತ್ತು. ಕೆನಡಾದ ಆಲ್ಬರ್ಟಾದಲ್ಲಿ ಒಂದು ಹಸುವಿಗೆ ಹುಚ್ಚುದನ ರೋಗ ಕಂಡದ್ದೇ ತಡ, ಮೆಲುಕು ಹಾಕುವ ಜೀವಂತ ಪ್ರಾಣಿಗಳಿಗೆಲ್ಲ ಅಮೆರಿಕ ಗಡಿ ಮುಚ್ಚಿತು. ರೋಗವಿಲ್ಲದ ಬೈಸನ್‌ಗಳೂ ಕೆನಡಾದಲ್ಲೇ ಸಿಕ್ಕಿಬಿದ್ದವು. ಗಡಿ ತೆರೆದದ್ದು 2005ರ ಜುಲೈನಲ್ಲಿ, ಅದೂ 30 ತಿಂಗಳೊಳಗಿನ ಪ್ರಾಣಿಗಳಿಗೆ ಮಾತ್ರ.

ಕಾಡಿನ ಬೈಸನ್‌ಗಳನ್ನೇ ಕೊಂದು ಹೊರದೇಶಕ್ಕೆ ಮಾರಿದ ಕಾಲವೂ ಇತ್ತು. 1871ರ ಸುಮಾರಿಗೆ ಅದರ ದಪ್ಪ ಚರ್ಮವನ್ನು ಹದ ಮಾಡುವ ವಿಧಾನ ಸಿದ್ಧಿಸಿತು. ಯಂತ್ರಗಳ ಬೆಲ್ಟಿಗಾಗಿ ಚರ್ಮ ಯುರೋಪಿಗೆ ಹಡಗೇರಿತು, ಮಾಂಸ ಬಯಲಲ್ಲೇ ಕೊಳೆಯಿತು. 1880ರ ದಶಕ ಮುಗಿಯುವ ಹೊತ್ತಿಗೆ ಉಳಿದದ್ದು ಸಾವಿರದ ಆಸುಪಾಸು.

ನಮ್ಮ ಕಾಟಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹಾಗಾಗಿ ಅದನ್ನು ಉಪದ್ರವಕಾರಿ ಪ್ರಾಣಿ ಎಂದು ಘೋಷಿಸಲು ಬರುವುದಿಲ್ಲ, ಸತ್ತ ಕಾಟಿಯ ಕೊಂಬು, ಚರ್ಮ, ಮಾಂಸವೆಲ್ಲ ಸರ್ಕಾರದ ಸೊತ್ತು. ಅಳಿವಿನ ಭೀತಿಯ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲೂ ಅದು ಇರುವುದರಿಂದ ವಾಣಿಜ್ಯ ವ್ಯಾಪಾರದ ದಾರಿಯೇ ಮುಚ್ಚಿದೆ.

ಕಾನೂನು ತಿದ್ದಿದರೆ ಆಯಿತಲ್ಲ ಎನ್ನುವವರು ಕಾಲುಬಾಯಿ ಜ್ವರವನ್ನು ಮರೆತಿದ್ದಾರೆ. ಈ ರೋಗ ಇರುವುದರಿಂದಲೇ ಭಾರತದ ಎಮ್ಮೆ ಮಾಂಸ ಮೂಳೆ ತೆಗೆದು, ದುಗ್ಧರಸ ಗ್ರಂಥಿ ಬಿಡಿಸಿ, ಹೆಪ್ಪುಗಟ್ಟಿಸಿದ ರೂಪದಲ್ಲಿ ವಿಯೆಟ್ನಾಂ, ಮಲೇಷ್ಯಾ, ಈಜಿಪ್ಟಿನಂಥ ದೇಶಗಳಿಗೆ ಹೋಗುತ್ತದೆ. ಕಡಿಯುವ ಮೊದಲು ಪಶುವೈದ್ಯರು ಪ್ರಾಣಿಯನ್ನು ನೋಡಿರಬೇಕು. ಕಡಿದ ಮೇಲೆ ಮಾಂಸವನ್ನು 2 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕನಿಷ್ಠ 24 ಗಂಟೆ ಇಟ್ಟು ಮಾಗಿಸಬೇಕು, ಬೆನ್ನಿನ ಉದ್ದ ಸ್ನಾಯುವಿನ ನಡುವೆ ಅಳೆದಾಗ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಕೆಳಗಿಳಿದಿರಬೇಕು. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಟ್ಟಾಗ ಆ ಹುಳಿಗೆ ವೈರಸ್ ಸಾಯುತ್ತದೆ. ಮೂಳೆಯ ಮಜ್ಜೆ, ಗ್ರಂಥಿಗಳಿಗೆ ಹುಳಿ ಏರುವುದಿಲ್ಲ, ಅದಕ್ಕೇ ಅವನ್ನು ತೆಗೆಯುವುದು. ತೋಟದಲ್ಲಿ ಅಟ್ಟಾಡಿಸಿ ಹೊಡೆದ ಕಾಟಿಯಲ್ಲಿ ಗ್ಲೈಕೋಜನ್ ಓಟದಲ್ಲೇ ಖರ್ಚಾಗಿರುತ್ತದೆ. ಮಾಂಸ ಕಪ್ಪಗೆ, ಅಂಟಂಟಾಗಿ ಉಳಿಯುತ್ತದೆ, ಪಿಎಚ್ 6ಕ್ಕೆ ಇಳಿಯುವುದೇ ಅನುಮಾನ. ಸಾಯುವ ಮುಂಚಿನ ತಪಾಸಣೆಯಂತೂ ದೂರದ ಮಾತು. ಯಾವ ಪಶುವೈದ್ಯ ಇದಕ್ಕೆ ಆರೋಗ್ಯ ಪತ್ರ ಬರೆದುಕೊಟ್ಟಾನು?

ರಫ್ತಿನ ಕನಸಿಗಿಂತ ಕಾಡಂಚಿನ ದನಗಳ ಲಸಿಕೆಯತ್ತ ಗಮನ ಹರಿಯಲಿ. ಊರ ದನದ ರೋಗ ಕಾಟಿಗೆ ದಾಟುತ್ತದೆ. 1968ರಲ್ಲಿ ಬಂಡೀಪುರ–ಮುದುಮಲೆಯ ಕಾಟಿಗಳನ್ನು ದೊಡ್ಡರೋಗ (ರಿಂಡರ್‌ಪೆಸ್ಟ್) ಸಾಲುಸಾಲಾಗಿ ಉರುಳಿಸಿತ್ತು. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವ ಕಾರ್ಯಕ್ರಮವೇನೋ ಇದೆ. ಆದರೆ ಬೆಳಗ್ಗೆಯೇ ಮೇಯಲು ಬಿಟ್ಟ ದನ ಲಸಿಕೆಯ ದಿನ ಕೈಗೆ ಸಿಗುವುದಿಲ್ಲ, ತುಂಬುಗಬ್ಬವೆಂದು ಬಿಟ್ಟ ಹಸುವಿಗೆ ಕರು ಹಾಕಿದ ಮೇಲೂ ಯಾರೂ ಹಾಕುವುದಿಲ್ಲ, ಮೊದಲ ಸಲ ಚುಚ್ಚಿಸಿಕೊಂಡ ಕರುವಿಗೆ ತಿಂಗಳ ನಂತರದ ಬೂಸ್ಟರ್ ತಪ್ಪುತ್ತದೆ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಐಸ್‌ಗೆ ತಾಗಿ ಹೆಪ್ಪುಗಟ್ಟಿದ ಬಾಟಲಿ ಕೆಲಸಕ್ಕೆ ಬಾರದು. ಕಾಡಂಚಿನ ಊರುಗಳಿಗಾದರೂ ದನ ಕೊಟ್ಟಿಗೆ ಬಿಡುವ ಮೊದಲು, ಮುಂಜಾನೆ ಆರಕ್ಕೇ ಲಸಿಕೆ ತಂಡ ಬರುವಂತೆ ಪಶುಪಾಲನಾ ಇಲಾಖೆ ವ್ಯವಸ್ಥೆ ಮಾಡಲಿ, ಬಿಟ್ಟುಹೋದವಕ್ಕೆ ಹದಿನೈದು ದಿನದೊಳಗೆ ಮತ್ತೊಂದು ಸುತ್ತು ಇಡಲಿ.

– ಇಬ್ಬರು ನಿವೃತ್ತ ಪಶುವೈದ್ಯರು, ಚಿಕ್ಕಮಗಳೂರು ಜಿಲ್ಲೆ