ಆ ಚಂದ್ರಕಾಳಿ ಸೀರೆ ಕೊಟ್ಟವರಿಗೆ

ಹೋದ ವಾರ ನಮ್ಮ ಸಂಘದ ಸಾಲದ ಕೊನೆಯ ಕಂತು ಕಟ್ಟಿ ಬಂದೆವು. ಒಬ್ಬರು ಹೋಗಿದ್ದರೂ ಸಾಕಿತ್ತು. ಆದರೆ ಹನ್ನೊಂದು ಜನರಲ್ಲಿ ಯಾರೂ ಮನೆಯಲ್ಲಿ ಕೂರಲು ಒಪ್ಪಲಿಲ್ಲ. ಬರುವಾಗ ಲೈನ್ ಬಜಾರಿನಲ್ಲಿ ಪೇಡೆ ತಗೊಂಡು ಅಲ್ಲೇ ನಿಂತು ತಿಂದೆವು.

ನಾವು ಧಾರವಾಡದ ಕಡೆಯವರು, ಕಸೂತಿ ಹಾಕುತ್ತೇವೆ. ನಮ್ಮಲ್ಲಿ ಒಂಬತ್ತು ಜನಕ್ಕೆ ಗಂಡ ಇಲ್ಲ. ಉಳಿದಿಬ್ಬರು ಅಕ್ಕ-ತಂಗಿ. ಅವರಿಗೆ ಅಪ್ಪ-ಅವ್ವ ಇಬ್ಬರೂ ಇಲ್ಲ, ಅಜ್ಜಿಯೇ ಸಾಕಿದ್ದಾಳೆ. ವಿಧವಾ ಪಿಂಚಣಿ 2021ರಲ್ಲಿ 600ರಿಂದ 800 ರೂಪಾಯಿ ಆಯಿತು. ಅದನ್ನೂ ನೆನೆಯಬೇಕು, ಬಿಡಿ. ಆದರೆ ಒಂದು ಸಿಲಿಂಡರ್ ತಂದರೆ ಮುಗಿಯಿತು.

ಮೊದಲ ನಮಸ್ಕಾರ ನಮಗೆ ಕಲಿಸಿದ ಆಯಿಗೆ. "ಗಂಟು ಹಾಕಿದ್ರ ನನ್ನ ಕಡೆ ಬರಬ್ಯಾಡ್ರಿ" ಅನ್ನುವುದೇ ಅವರ ಮೊದಲ ಪಾಠ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ, ಹೊಲಿಗೆ ನಾಲ್ಕೇ. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ವಾಪಸ್ ಬರುವಾಗ ತುಂಬಬೇಕು. ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ನಾವು ಏನೇ ಹಾಕಿ ತಂದರೂ ಆಯಿ ಮೊದಲು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಎಷ್ಟು ಸಲ ಅತ್ತಿದ್ದೇವೋ!

ಇನ್ನು ಆ ಸೀರೆ. ಮಗಳ ಮದುವೆಗೆ ಚಂದ್ರಕಾಳಿಗೆ ಕಸೂತಿ ಹಾಕಿಸಬೇಕು ಅಂತ ಒಬ್ಬ ತಾಯಿ ಬಂದರು. ಕಪ್ಪು ಇಳಕಲ್ ಸೀರೆ, ಮದುಮಗಳು ಉಡುವುದು. ನನಗೇ ತಡೆಯಲಾಗಲಿಲ್ಲ. "ಅಕ್ಕಾರ, ನಮ್ಮ ಕೈಲೆ ಹಾಕಿಸಿದ್ರ ನಿಮ್ಮ ಬೀಗರು ಏನಂದಾರು?" ಅಂತ ಕೇಳಿಬಿಟ್ಟೆ. ಅವರು ಸೀರೆ ಮಡಿಕೆ ಬಿಚ್ಚುತ್ತಲೇ, "ಎಳಿ ತಪ್ಪದಂಗ ಹಾಕ್ರಿ, ಸಾಕು. ತೇರಿನ ಚಿತ್ತಾರ ಯಾರು ಚಲೋ ಹಾಕ್ತೀರಿ?" ಅಂದರು.

ಎಳೆ ತಪ್ಪಿತು! ಕಪ್ಪು ಬಟ್ಟೆ ಮೇಲೆ ಎಣಿಸುವುದು ಹಾಕಿದವರಿಗೇ ಗೊತ್ತು. ಮಧ್ಯಾಹ್ನದ ಬೆಳಕಿನಲ್ಲಿ ಕಟ್ಟೆ ಮೇಲೆ ಕೂತರಷ್ಟೇ ಕಾಣುತ್ತದೆ. ಸೆರಗಿನ ಗೋಪುರದಲ್ಲಿ ಒಂದು ಎಳೆ ಹೆಚ್ಚಾಗಿದ್ದು ಕಳಸಕ್ಕೆ ಬಂದಾಗ ಗೊತ್ತಾಯಿತು. ನಾಲ್ಕು ದಿನದ ಕೆಲಸ. ಆ ಇಬ್ಬರು ಹುಡುಗಿಯರಲ್ಲಿ ಚಿಕ್ಕವಳು ಯಾರಿಗೂ ಹೇಳದೆ ರಾತ್ರಿಯೇ ಪೂರ್ತಿ ಬಿಚ್ಚಿಟ್ಟಿದ್ದಳು. ಬೆಳಗ್ಗೆ ನೋಡಿದರೆ ನೂಲು ಒಂದೂ ಹರಿದಿರಲಿಲ್ಲ.

ಮದುವೆಗೆ ನಮ್ಮನ್ನೆಲ್ಲ ಕರೆದಿದ್ದರು. ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದೆವು, ಅಭ್ಯಾಸ. ಮದುಮಗಳೇ ಎದ್ದು ಬಂದಳು. ಜೊತೆಗೆ ಅವಳ ಅತ್ತೆ. ಸೆರಗು ತಿರುಗಿಸಿ, "ನೋಡ್ರಿ ಅತ್ತಿ, ಹಿಂದೂ ಹಂಗ ಐತಿ" ಅಂತ ತೋರಿಸಿದಳು. ಆ ಅತ್ತೆ ಮುಂದಿನ ತಿಂಗಳು ಎರಡು ಸೀರೆ ಕೊಟ್ಟರು. ಆಮೇಲೆ ಮದುವೆ ಸೀರೆಗಳು ಬರತೊಡಗಿದವು. ಅದಕ್ಕೂ ಮೊದಲು ನಮಗೆ ಬರುತ್ತಿದ್ದದ್ದು ಬರೀ ಕುಶನ್ ಕವರ್, ಚೀಲ.

ಆ ತಾಯಿಗೆ ಏನು ಹೇಳಲಿ? ಹಣ ಕೊಟ್ಟವರು ಬೇರೆಯವರೂ ಇದ್ದಾರೆ. ಕೊಡದೆ ಹೋದ ಒಬ್ಬ ವ್ಯಾಪಾರಿಯೂ ಇದ್ದಾನೆ, ಅವನ ಸುದ್ದಿ ಇವತ್ತು ಬೇಡ. ಲಾಕ್‌ಡೌನಿನಲ್ಲಿ ಮದುವೆಗಳೇ ನಿಂತಾಗ ಬಾಡಿಗೆ ಕೇಳದ ಮನೆ ಮಾಲೀಕರಿಗೆ, ಕಂತು ತಡವಾದಾಗ ಗದರದೆ ಕೂರಿಸಿ ಲೆಕ್ಕ ಹೇಳಿಕೊಟ್ಟ ಬ್ಯಾಂಕಿನ ತಂಗಿಗೆ ನಾವು ಋಣಿ. ಆದರೆ ಮಗಳ ಮದುವೆ ಸೀರೆಯನ್ನೇ ಮೊದಲು ನಮ್ಮ ಕೈಗೆ ಇಟ್ಟವರು ನೀವೇ, ಅಕ್ಕಾರ.

ರಾತ್ರಿ ಸೀರೆ ಬಿಚ್ಚಿದ ಆ ಹುಡುಗಿ ಈ ಸಲ ಪಿಯುಸಿ ಪಾಸಾಗಿದ್ದಾಳೆ. ಪ್ರತಿ ಸೀರೆಯಿಂದ ಡಬ್ಬಿಗೆ ಹಾಕುತ್ತಿದ್ದ ದುಡ್ಡಿನಲ್ಲೇ ಅವಳ ಫೀ ಕಟ್ಟಿದ್ದು. ಈಗ ತೇರು ಅವಳೇ ಹಾಕುತ್ತಾಳೆ, ನನಗಿಂತ ಚೆನ್ನಾಗಿ.

ಅಂದ ಹಾಗೆ, ಹಸಿರು ಇಳಕಲ್ ಸೀರೆ ಕೊಟ್ಟು ಹೋದವರೇ, ಮೂರು ತಿಂಗಳಾಯಿತು. ರೆಡಿ ಇದೆ. ದಯವಿಟ್ಟು ಬಂದು ತಗೊಂಡು ಹೋಗಿ, ಇಲ್ಲಿ ಇಲಿ ಜಾಸ್ತಿ.